ಕಥೆ ಕಿವಿಯಲ್ಲಿದೆಯೋ, ಬುಕ್‌ಲೆಟ್‌ನಲ್ಲಿದೆಯೋ? ಸೈನ್ಸ್ ಫಿಕ್ಷನ್ ಕಾನ್ಸೆಪ್ಟ್ ಆಲ್ಬಂಗೆ ವಿಮರ್ಶೆ ಬರೆಯುವ ಬಗೆ

ಹಾಡುಗಳು ಸೇರಿ ಒಂದು ಕಥೆ ಹೇಳುವ ಆಲ್ಬಂಗೆ, ಅಂದರೆ ಕಾನ್ಸೆಪ್ಟ್ ಆಲ್ಬಂಗೆ, ನಾನು ಬರೆದ ಮೊದಲ ವಿಮರ್ಶೆಯನ್ನು ಓದಿ ಗೆಳೆಯನೊಬ್ಬ ಕೇಳಿದ್ದ: "ಕಥೆ ಎಲ್ಲಾ ಗೊತ್ತಾಯ್ತು ಮಾರಾಯ, ಹಾಡು ಹೇಗಿವೆ ಅಂತ ಹೇಳೇ ಇಲ್ವಲ್ಲ?" ಮತ್ತೆ ಓದಿ ನೋಡಿದೆ. ಒಂಬತ್ತು ಪ್ಯಾರಾಗಳಲ್ಲಿ ಏಳು ಪ್ಯಾರಾ ಗ್ರಹ, ಸಾಮ್ರಾಜ್ಯ, ಯಂತ್ರಗಳ ದಂಗೆ, ನಾಯಕನ ಸಾವು. ಉಳಿದೆರಡರಲ್ಲಿ "ಗಿಟಾರ್ ಅದ್ಭುತ", "ಡ್ರಮ್ಸ್ ಅಮೋಘ". ಆಲ್ಬಂ ಜೊತೆ ಬರುವ, ಸಾಹಿತ್ಯ, ಕಥಾಸಾರಾಂಶವಿರುವ ಬುಕ್‌ಲೆಟ್ ಓದಿ ಬರೆದ ವಿಮರ್ಶೆ ಅದು. ಆಲ್ಬಂ ಕೇಳದಿದ್ದರೂ ಬರೆಯಬಹುದಿತ್ತು.

ಪ್ರೋಗ್ರೆಸಿವ್ ರಾಕ್‌ನಲ್ಲಿ, ಅಂದರೆ ಉದ್ದದ ರಚನೆ, ತೊಡಕಿನ ಲಯಗಳ ರಾಕ್ ಸಂಗೀತದಲ್ಲಿ (ಚಿಕ್ಕದಾಗಿ ಪ್ರಾಗ್), ವೈಜ್ಞಾನಿಕ ಕಥೆ ಹೇಳುವ ಆಲ್ಬಂಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಬೀಳುವುದು ಇದೇ ಗುಂಡಿಗೆ. ಕಥೆಯನ್ನು ಮಾತಿನಲ್ಲಿ ಹೇಳುವುದು ಸುಲಭ, ನಾದವನ್ನು ಮಾತಿಗಿಳಿಸುವುದು ಕಷ್ಟ. ಸುಲಭದ ಕಡೆ ಕೈ ತಾನಾಗಿ ಓಡುತ್ತದೆ. ಆದರೆ ಓದುಗನಿಗೆ ಬೇಕಿರುವುದು ಬೇರೆ: ಈ ಕಥೆಯನ್ನು ಹಾಡಾಗಿ ಕೇಳುವುದರಿಂದ ಏನು ಸಿಗುತ್ತದೆ, ಹತ್ತು ಪುಟದ ಕಥೆಯಾಗಿ ಓದಿಕೊಂಡರೆ ಸಾಲದೇ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಲು ಕೂರಬೇಕು. ನಾನು ಈಗ ಅನುಸರಿಸುವ ಕ್ರಮ ಹೀಗಿದೆ.

1. ಮೊದಲ ಸಲ ಬುಕ್‌ಲೆಟ್ ಮುಟ್ಟಬೇಡಿ

ಸಾಹಿತ್ಯ, ಕಥಾಸಾರಾಂಶ, ಇತರರ ವಿಮರ್ಶೆ, ಸಂದರ್ಶನ ಎಲ್ಲವನ್ನೂ ಪಕ್ಕಕ್ಕಿಡಿ. ಹೆಡ್‌ಫೋನ್ ಹಾಕಿ, ಮೊದಲ ಟ್ರ್ಯಾಕ್‌ನಿಂದ ಕೊನೆಯವರೆಗೆ ಒಂದೇ ಕೂರಿಕೆಯಲ್ಲಿ ಕೇಳಿ. ಶಫಲ್ ಆಫ್ ಆಗಿದೆಯೇ ನೋಡಿಕೊಳ್ಳಿ. ಒಂದು ಹಾಡಿನ ಬಾಲಕ್ಕೆ ಮುಂದಿನ ಹಾಡಿನ ತಲೆಯನ್ನು ಬೆಸೆಯುವ ಕ್ರಾಸ್‌ಫೇಡ್ ಕೂಡ ಬೇಡ. ಇನ್ನು ಕೆಲವು ಪ್ಲೇಯರ್‌ಗಳು ಎರಡು ಟ್ರ್ಯಾಕ್‌ಗಳ ನಡುವೆ ಅರೆ ಸೆಕೆಂಡ್ ಮೌನ ತುರುಕುತ್ತವೆ. ಬೇರೆ ಆಲ್ಬಂಗಳಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಹಾಡಿಗೆ ಹಾಡು ಅಂಟಿಕೊಂಡೇ ಸಾಗುವ ಇಂಥ ಆಲ್ಬಂನಲ್ಲಿ ಅದು ನಾಟಕದ ನಡುವೆ ದೀಪ ಆರಿದ ಹಾಗೆ. ಗ್ಯಾಪ್‌ಲೆಸ್ ಪ್ಲೇಬ್ಯಾಕ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ.

ಪಕ್ಕದಲ್ಲಿ ಒಂದು ಹಾಳೆ ಇರಲಿ. ಅದರಲ್ಲಿ ಸಮಯ ಮತ್ತು ಒಂದೆರಡು ಪದ ಮಾತ್ರ ಬರೆಯಿರಿ: "4:10 ಏನೋ ಒಡೆಯಿತು", "11:30 ಇದೇ ರಾಗ ಮೊದಲು ಕೇಳಿದ್ದೆ", "18:00 ಬೋರ್". ಮುಗಿದ ಕೂಡಲೇ ನಾಲ್ಕು ಸಾಲಿನಲ್ಲಿ ನಿಮಗೆ ಕೇಳಿಸಿದ ಕಥೆಯನ್ನು ಬರೆದುಬಿಡಿ. ತಪ್ಪಾಗಿದ್ದರೂ ಪರವಾಗಿಲ್ಲ. ಯಾರೋ ಒಂಟಿಯಾಗಿದ್ದರು, ದೊಡ್ಡ ಶಕ್ತಿಯೊಂದು ಎದುರಾಯಿತು, ಕೊನೆಯಲ್ಲಿ ಗೆದ್ದರೋ ಸೋತರೋ ತಿಳಿಯಲಿಲ್ಲ. ಇಷ್ಟೇ ಇದ್ದರೂ ಸಾಕು.

ಈ ಹಾಳೆಗೆ ಬೆಲೆ ಕಟ್ಟಲಾಗದು, ಯಾಕೆಂದರೆ ಇದನ್ನು ಎರಡನೇ ಸಲ ಬರೆಯಲು ಆಗುವುದಿಲ್ಲ. ಒಮ್ಮೆ ಕಥೆ ತಲೆಗೆ ಹೊಕ್ಕಿತೆಂದರೆ, ಸಂಗೀತದಲ್ಲಿ ಇಲ್ಲದ್ದೂ ಕೇಳಿಸತೊಡಗುತ್ತದೆ. "ಇಲ್ಲಿ ನೌಕೆ ಹಾರುತ್ತಿದೆ" ಎಂದು ಓದಿದ ಮೇಲೆ ಯಾವ ಸಿಂಥಸೈಜರ್ ಗುಂಯ್‌ಗುಟ್ಟಿದರೂ ನೌಕೆಯೇ.

2. ಎರಡನೇ ಸಲ ಸಾಹಿತ್ಯ ಹಿಡಿದು, ಯಾರು ಮಾತಾಡುತ್ತಿದ್ದಾರೆ ಎಂದು ಗುರುತಿಸಿ

ಈಗ ಬುಕ್‌ಲೆಟ್ ಬಿಚ್ಚಿ. ಪ್ರತಿ ಟ್ರ್ಯಾಕ್‌ಗೆ ಒಂದು ಸಾಲು: ಯಾರು ಹಾಡುತ್ತಿರುವುದು, ಯಾರಿಗೆ, ಅಷ್ಟರಲ್ಲಿ ಏನು ಬದಲಾಯಿತು. ಮೂರನೆಯ ಕಲಂ ಖಾಲಿ ಉಳಿದ ಹಾಡುಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಕಥೆಯಲ್ಲಿ ಏನೂ ಬದಲಾಗದ ಹಾಡು ತಪ್ಪೇನಲ್ಲ. ಆದರೆ ಅದು ಬೇರೆ ಯಾವುದರಿಂದಾದರೂ ತನ್ನ ಜಾಗ ಗಳಿಸಿರಬೇಕು.

ಪಾತ್ರಗಳ ದನಿಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ. ಗಾಯಕನೊಬ್ಬ, ಪಾತ್ರ ಹಲವು ಎಂಬ ತೊಡಕನ್ನು ಬ್ಯಾಂಡ್‌ಗಳು ಬಗೆಹರಿಸಿಕೊಳ್ಳುವ ರೀತಿ ನಾಲ್ಕೈದು. ಕೆನಡಾದ ರಶ್ ಬ್ಯಾಂಡ್ 1976ರ '2112'ರಲ್ಲಿ ಒಬ್ಬನೇ ಗಾಯಕನಿಂದ ಎರಡು ದನಿ ತೆಗೆಸಿತು. ಪುರೋಹಿತರ ಹಿಡಿತದಲ್ಲಿರುವ ಭವಿಷ್ಯದ ಲೋಕದಲ್ಲಿ ಒಬ್ಬನಿಗೆ ಗಿಟಾರ್ ಸಿಗುವ ಕಥೆ ಅದು. ಎಲ್ಲವನ್ನೂ ನಿಯಂತ್ರಿಸುವ ಆ ಪುರೋಹಿತರಿಗೆ ಗೆಡ್ಡಿ ಲೀಯ ಕಿರುಚುವ ತಾರಸ್ವರ. ಗಿಟಾರ್ ಹುಡುಕಿಕೊಂಡ ನಾಯಕನಿಗೆ ಅದೇ ಗಾಯಕನ ಮೆತ್ತನೆಯ ದನಿ. ನಾಯಕ ತನ್ನ ಗಿಟಾರನ್ನು ಪುರೋಹಿತರ ಮುಂದಿಡುವ ಭಾಗದಲ್ಲಿ ಈ ಎರಡೂ ದನಿಗಳು ಸರದಿಯ ಮೇಲೆ ಬರುತ್ತವೆ, ಹಿಂದಿನ ವಾದ್ಯಗಳೂ ಜೊತೆಗೇ ಏರಿ ಇಳಿಯುತ್ತವೆ. ಒಂದಕ್ಷರ ಅರ್ಥವಾಗದವನಿಗೂ ಅಲ್ಲಿ ಯಾರು ಬಲಿಷ್ಠ, ಯಾರು ದುರ್ಬಲ ಎಂದು ಗೊತ್ತಾಗುತ್ತದೆ.

ನೆದರ್ಲೆಂಡ್ಸ್‌ನ ಆರ್ಯನ್ ಲೂಕಾಸೆನ್ ತನ್ನ ಏರಿಯಾನ್ ಎಂಬ ಸಂಗೀತ ಯೋಜನೆಯಲ್ಲಿ ಹಿಡಿದ ದಾರಿ ಬೇರೆ. 1998ರ 'ಇಂಟು ದ ಎಲೆಕ್ಟ್ರಿಕ್ ಕಾಸಲ್'ನಲ್ಲಿ ಬೇರೆ ಬೇರೆ ಕಾಲದಿಂದ ಎತ್ತಿ ತಂದ ಎಂಟು ಜನರಿದ್ದಾರೆ, ಒಬ್ಬೊಬ್ಬರಿಗೂ ಬೇರೆ ಗಾಯಕರು. ಯಾರ ದನಿ ಎಂಬ ಗೊಂದಲವೇ ಇಲ್ಲ. ಬದಲಿಗೆ ಅಲ್ಲಿ ಕೇಳಬೇಕಾದದ್ದು, ಇಷ್ಟು ಜನ ಸರದಿ ಕಾಯುವಾಗ ಹಾಡು ಓಡುತ್ತದೆಯೇ, ಇಲ್ಲ ಹಾಜರಿ ಕರೆದಂತಾಗುತ್ತದೆಯೇ ಎಂದು. ಡ್ರೀಮ್ ಥಿಯೇಟರ್ ಬ್ಯಾಂಡ್‌ನ 2016ರ 'ದಿ ಅಸ್ಟಾನಿಶಿಂಗ್'ನಲ್ಲಿ ಮತ್ತೆ ಒಬ್ಬನೇ ಗಾಯಕ, ಜೇಮ್ಸ್ ಲಾಬ್ರಿಯೇ, ಎಲ್ಲ ಪಾತ್ರಗಳನ್ನೂ ಹಾಡುತ್ತಾನೆ, ಅದೂ ಎರಡು ಗಂಟೆಗೂ ಮೀರಿ. ಬುಕ್‌ಲೆಟ್ ಇಲ್ಲದೆ ಈಗ ಯುವರಾಜನೋ, ರಾಣಿಯೋ, ಬಂಡಾಯದ ನಾಯಕನೋ ಎಂದು ಹೇಳಲು ನನಗಂತೂ ಆಗಲಿಲ್ಲ. ಗಾಯಕನ ಸಾಮರ್ಥ್ಯದ ಕೊರತೆ ಅಲ್ಲ ಇದು. ಅಷ್ಟು ಪಾತ್ರಗಳನ್ನು ಒಂದೇ ಗಂಟಲಿಗೆ ಹೊರಿಸಿದ ಯೋಜನೆಯ ಕೊರತೆ. ಇಂಥ ವ್ಯತ್ಯಾಸವನ್ನು ವಿಮರ್ಶೆಯಲ್ಲಿ ಬಿಡಿಸಿ ಹೇಳಬೇಕು.

ನಿರೂಪಕನನ್ನು ತರುವುದು ಇನ್ನೊಂದು ಉಪಾಯ. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ, ಎಚ್. ಜಿ. ವೆಲ್ಸ್‌ನ 1898ರ ಕಾದಂಬರಿ 'ದ ವಾರ್ ಆಫ್ ದ ವರ್ಲ್ಡ್ಸ್' ಅನ್ನು ಜೆಫ್ ವೇಯ್ನ್ 1978ರಲ್ಲಿ ಜೋಡಿ ಆಲ್ಬಂ ಮಾಡಿದಾಗ ಕಥೆ ಹೇಳುವ ಕೆಲಸವನ್ನು ನಟ ರಿಚರ್ಡ್ ಬರ್ಟನ್‌ನ ದನಿಗೆ ಒಪ್ಪಿಸಿದ. ಕಥೆಯ ಭಾರ ಮಾತಿನ ಮೇಲೆ ಬಿದ್ದದ್ದರಿಂದ ಹಾಡುಗಳು ಭಾವಕ್ಕೆ ಬಿಡುವಾದವು. ಲಾಭದ ಜೊತೆ ನಷ್ಟವೂ ಉಂಟು: ಮಾತು ಕೇಳಿದಷ್ಟು ಸಲ ಹಳತಾಗುತ್ತದೆ, ರಾಗ ಅಷ್ಟು ಬೇಗ ಹಳತಾಗುವುದಿಲ್ಲ. ನಿರೂಪಣೆಯಿರುವ ಆಲ್ಬಂ ಆದರೆ ಐದನೇ ಸಲ ಕೇಳುವಾಗ ನಿಮ್ಮ ಕೈ ಮುಂದಕ್ಕೆ ಒತ್ತುವ ಗುಂಡಿಯತ್ತ ಹೋಗುತ್ತದೆಯೇ ನೋಡಿಕೊಳ್ಳಿ.

3. ವಿಜ್ಞಾನ ವೇಷವೋ, ಬೆನ್ನೆಲುಬೋ

ಕಥೆಯ ಮೂಲದಲ್ಲಿರುವ "ಹೀಗಾದರೆ?" ಎಂಬ ಊಹೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಸಂಗೀತವೆಂಬುದೇ ಮರೆತುಹೋದ ಸಮಾಜದಲ್ಲಿ ಒಬ್ಬನಿಗೆ ಗಿಟಾರ್ ಸಿಕ್ಕರೆ? ಮನುಷ್ಯರನ್ನು ಹುಟ್ಟಿಸಿದ್ದೇ ಅನ್ಯಗ್ರಹದವರ ಪ್ರಯೋಗವಾಗಿದ್ದರೆ? ಬರೆದ ಮೇಲೆ ಆ ಊಹೆಯನ್ನು ಕಿತ್ತುಹಾಕಿ, ಕಥೆಯನ್ನು ಹಳೆಯ ಅರಮನೆಗೋ ಯುದ್ಧಭೂಮಿಗೋ ಸಾಗಿಸಿ ನೋಡಿ. ಏನೂ ಬದಲಾಗದಿದ್ದರೆ ವಿಜ್ಞಾನ ಅಲ್ಲಿ ವೇಷ ಮಾತ್ರ. ಕಿರೀಟದ ಬದಲು ಹೆಲ್ಮೆಟ್, ಕುದುರೆಯ ಬದಲು ನೌಕೆ.

ವೇಷವೇ ಆದರೂ ಆಲ್ಬಂ ಚೆನ್ನಾಗಿರಬಹುದು, ಅದನ್ನು ಒಪ್ಪಿಕೊಳ್ಳಬೇಕು. ಆದರೆ "ಆಳವಾದ ವೈಜ್ಞಾನಿಕ ಚಿಂತನೆ" ಎಂದು ಬರೆಯುವ ಮುನ್ನ ಈ ಪರೀಕ್ಷೆ ಮಾಡಿ. ನಾನು ಕೇಳಿದವುಗಳಲ್ಲಿ ಬಹುಪಾಲು ಇದರಲ್ಲಿ ತೇರ್ಗಡೆಯಾಗುವುದಿಲ್ಲ, ಅದಕ್ಕೆ ಬೇಸರವೂ ಇಲ್ಲ.

ಇನ್ನೊಂದು ಗಮನಿಸಿ. ರಾಕ್ ಸಂಗೀತಗಾರರು ಬರೆದ ಭವಿಷ್ಯದ ಕಥೆಗಳಲ್ಲಿ ಸಂಗೀತವನ್ನು ನಿಷೇಧಿಸಿದ ಅಥವಾ ಯಂತ್ರಕ್ಕೆ ವಹಿಸಿದ ಸರ್ಕಾರ ಪದೇ ಪದೇ ಬರುತ್ತದೆ. '2112'ರಲ್ಲಿ ಅದಿದೆ, ನಲವತ್ತು ವರ್ಷಗಳ ನಂತರ 'ದಿ ಅಸ್ಟಾನಿಶಿಂಗ್'ನಲ್ಲೂ ಅದೇ ಇದೆ, ಅಲ್ಲಿ ಹಾಡುವ ಮನುಷ್ಯರ ಜಾಗದಲ್ಲಿ ಸದ್ದು ಮಾಡುವ ಯಂತ್ರಗಳು ಹಾರಾಡುತ್ತವೆ. ಗಿಟಾರ್ ಹಿಡಿದವನ ಕಣ್ಣಿಗೆ ಲೋಕದ ಕೊನೆ ಎಂದರೆ ಗಿಟಾರ್ ಇಲ್ಲದ ಲೋಕ, ಸಹಜವೇ. ಹಾಗಾಗಿ ಈ ವಸ್ತುವನ್ನು ಹೊಸತೆಂದು ಹೊಗಳಬೇಡಿ. ಆದರೆ ಇದಕ್ಕೆ ಬೇರೆ ವಸ್ತುಗಳಿಗಿಲ್ಲದ ಒಂದು ಅನುಕೂಲವಿದೆ: ಕಥೆ ಸಂಗೀತದ ಬಗ್ಗೆಯೇ ಆದ್ದರಿಂದ ಸಂಗೀತವೇ ಪಾತ್ರವಾಗಬಹುದು. ಆ ಅನುಕೂಲವನ್ನು ಬ್ಯಾಂಡ್ ಬಳಸಿಕೊಂಡಿದೆಯೇ ಎಂದು ಹುಡುಕುವುದು ಮುಂದಿನ ಹೆಜ್ಜೆ.

4. ನಾದ ಹೇಳುವ ಕಥೆ

ನಿಮ್ಮ ಸಮಯದ ಅರ್ಧ ಭಾಗ ಇಲ್ಲಿಗೆ ಮೀಸಲಿಡಿ.

'2112'ರಲ್ಲಿ ಜಲಪಾತದ ಹಿಂದಿನ ಗುಹೆಯಲ್ಲಿ ನಾಯಕನಿಗೆ ಗಿಟಾರ್ ಸಿಗುತ್ತದೆ. ಅದೇನೆಂದು ಅವನಿಗೆ ಗೊತ್ತಿಲ್ಲ. ಹರಿಯುವ ನೀರಿನ ಸದ್ದಿನ ನಡುವೆ ರಶ್‌ನ ಗಿಟಾರ್ ವಾದಕ ಅಲೆಕ್ಸ್ ಲೈಫ್‌ಸನ್ ಶ್ರುತಿ ತಪ್ಪಿದ ತಂತಿಗಳನ್ನು ಸುಮ್ಮನೆ ಮೀಟುತ್ತಾನೆ, ಒಂದೊಂದನ್ನೇ ಬಿಗಿದು ಶ್ರುತಿ ಮಾಡುತ್ತಾನೆ, ತಡವರಿಸುತ್ತಾನೆ, ಮೆಲ್ಲಗೆ ಒಂದು ಸ್ವರಗುಚ್ಛ ಕೂಡಿಬರುತ್ತದೆ, ಆಮೇಲೆ ಹಾಡು. ಒಬ್ಬ ಮನುಷ್ಯ ಸಂಗೀತವನ್ನು ಕಂಡುಹಿಡಿಯುವುದನ್ನು ನಾವು ಕಿವಿಯಾರೆ ಕೇಳುತ್ತೇವೆ. ಇದನ್ನು ಕಾದಂಬರಿಯಲ್ಲಿ ಬರೆದರೆ "ಅವನು ತಂತಿ ಮೀಟಿದ, ಇಂಪಾಗಿತ್ತು" ಎಂದಾಗುತ್ತದೆ, ಅಷ್ಟೇ. ಹಾಡಾಗಿ ಕೇಳುವುದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತಿ ನೇರವಾದ ಉತ್ತರ ಇದು. ನೀವು ವಿಮರ್ಶಿಸುತ್ತಿರುವ ಆಲ್ಬಂನಲ್ಲಿ ಇಂಥದ್ದೊಂದು ಕ್ಷಣ ಇದ್ದರೆ ಅದೇ ನಿಮ್ಮ ಲೇಖನದ ಎದೆ. ಇಲ್ಲದಿದ್ದರೆ, ಇಲ್ಲ ಎಂಬುದೇ ನಿಮ್ಮ ವಾದ.

ಹುಡುಕುವುದು ಹೇಗೆ? ಮೊದಲು ಮರುಕಳಿಸುವ ರಾಗಗಳನ್ನು ಪಟ್ಟಿ ಮಾಡಿ. ಇಂಥ ಆಲ್ಬಂಗಳ ಆರಂಭದಲ್ಲಿ ಹೆಚ್ಚಾಗಿ ಮಾತಿಲ್ಲದ ಪೀಠಿಕೆಯೊಂದು ಇರುತ್ತದೆ, ಮುಂದೆ ಬರುವ ರಾಗಗಳ ತುಣುಕುಗಳು ಅಲ್ಲೇ ಚೆಲ್ಲಿರುತ್ತವೆ. ಪ್ರತಿ ತುಣುಕನ್ನೂ ಗುನುಗಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ; ಸ್ವರ ಬರೆಯಲು ಬರಬೇಕೆಂದೇನಿಲ್ಲ. ಮತ್ತೆ ಯಾವ ನಿಮಿಷದಲ್ಲಿ ಅದು ಬಂತು, ಅದೇ ವೇಗವೇ, ಅದೇ ವಾದ್ಯವೇ, ಸ್ವರ ಮಂಕಾಗಿದೆಯೇ ಎಂದು ಗುರುತಿಸಿ. ಮೊದಲು ತುತ್ತೂರಿಯಂತೆ ಮೊಳಗಿದ ರಾಗ ಕೊನೆಯಲ್ಲಿ ಒಂಟಿ ಪಿಯಾನೊದಲ್ಲಿ ನಿಧಾನಕ್ಕೆ ಬಂದರೆ ಅದಕ್ಕೊಂದು ಅರ್ಥವಿದೆ. ಮೂರು ಸಲವೂ ಇದ್ದಂತೆಯೇ ಬಂದರೆ ನಕಲು ಮಾಡಿ ಅಂಟಿಸಿದ್ದಾರೆ ಎಂದು ಬರೆಯಲು ಹಿಂಜರಿಯಬೇಡಿ.

ತಾಳದ ಲೆಕ್ಕವೂ ಬೇಕು. ಪ್ರಾಗ್ ಬ್ಯಾಂಡ್‌ಗಳಿಗೆ ಏಳು, ಐದು, ಒಂಬತ್ತು ಎಣಿಕೆಯ ಲಯಗಳೆಂದರೆ ಪ್ರಾಣ. ತಕಿಟ ತಕಧಿಮಿ ಎಂದು ತೊಡೆ ತಟ್ಟುತ್ತಾ ಕೇಳಿ, ಏಳರ ಲಯ ಕೈಗೆ ಸಿಕ್ಕಿಬಿಡುತ್ತದೆ. ತಕ ತಕಿಟ ಎಂದರೆ ಐದು. ಆದರೆ "ಇದು ಏಳರ ತಾಳದಲ್ಲಿದೆ" ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಎಲ್ಲರೂ ನಾಲ್ಕರ ಹೆಜ್ಜೆ ಹಾಕುವ ಲೋಕದಲ್ಲಿ ನಾಯಕ ಬಂದಾಗ ಮಾತ್ರ ಏಳಾಯಿತೇ? ಓಡಿಹೋಗುವ ದೃಶ್ಯದಲ್ಲಿ ಒಂದು ಎಣಿಕೆ ಕಳಚಿ ಕಾಲು ಎಡವಿದಂತಾಯಿತೇ? ಹಾಗಿದ್ದರೆ ಬರೆಯಿರಿ. ಸುಮ್ಮನೆ ತಮಗೆ ಬರುತ್ತದೆ ಎಂದು ನುಡಿಸಿದ್ದರೆ ಅದನ್ನೂ ಬರೆಯಿರಿ, ನುಡಿಸಿದ ಕೈಗೆ ಸಲ್ಲಬೇಕಾದ ಗೌರವ ಕೊಟ್ಟೇ.

ಒಂದೇ ವಾದ್ಯ ಮುಂದೆ ನಿಂತು ನುಡಿಯುವ ದೀರ್ಘ ಸೋಲೋಗಳಿಗೂ ಇದೇ ಅಳತೆ. ಕಥೆಯಲ್ಲಿ ಯಾವ ಜಾಗದಲ್ಲಿ ಅದು ಬಂದಿದೆ, ಆ ಎರಡು ನಿಮಿಷದಲ್ಲಿ ಯಾರ ಮನಸ್ಸು ನುಡಿಯುತ್ತಿದೆ? ಉತ್ತರ ಹೊಳೆಯದಿದ್ದರೆ ಮೊದಲು ನಿಮ್ಮ ಕಿವಿಯನ್ನು ಅನುಮಾನಿಸಿ ಇನ್ನೊಮ್ಮೆ ಕೇಳಿ, ಆಮೇಲೆ ಬ್ಯಾಂಡನ್ನು.

ವಾದ್ಯಗಳ ಬಗ್ಗೆ ಒಂದು ಮಾತು. ಎಪ್ಪತ್ತರ ದಶಕದ ಆಲ್ಬಂಗಳಲ್ಲಿ ದೂರದ ಗಾಯನವೃಂದದಂತೆ, ಕೊಂಚ ನಡುಗುವ ಪಿಟೀಲು ಸಮೂಹದಂತೆ ಕೇಳಿಸುವ ಸದ್ದು ಬಹಳ ಸಲ ಮೆಲೊಟ್ರಾನ್‌ನದು. ಒಂದೊಂದು ಕೀಲಿಗೂ ಒಂದೊಂದು ಟೇಪಿನ ತುಂಡು ಜೋಡಿಸಿರುವ ವಾದ್ಯ ಅದು. ಒತ್ತಿ ಹಿಡಿದರೆ ಸುಮಾರು ಎಂಟು ಸೆಕೆಂಡಿಗೆ ಟೇಪ್ ಮುಗಿಯುತ್ತದೆ. ಆ ನಡುಕಕ್ಕೆ ಕಾರಣ ಯಂತ್ರದ ಮಿತಿ, ಆದರೆ ಅನ್ಯಲೋಕದ ಭಾವ ಹುಟ್ಟಿದ್ದೂ ಅದರಿಂದಲೇ. ಇಂದಿನ ಆಲ್ಬಂನಲ್ಲಿ ಅದೇ ಸದ್ದು ಬಂದರೆ ಅದು ಭವಿಷ್ಯದ ಸದ್ದಲ್ಲ, ಹಳೆಯ ಕಾಲದವರು ಊಹಿಸಿದ ಭವಿಷ್ಯದ ನೆನಪು. ಬ್ಯಾಂಡ್ ಅದನ್ನು ತಿಳಿದು ಬಳಸಿದೆಯೋ, ರೂಢಿಗೆ ಬಳಸಿದೆಯೋ ಎಂದು ಯೋಚಿಸಿ. ಎಚ್ಚರಿಕೆ ಗಂಟೆ, ರೋಬೊ ದನಿ, ಸ್ಫೋಟ ಇವು ಸಂಗೀತವಲ್ಲ, ರಂಗಸಜ್ಜಿಕೆ. ಅವುಗಳಿಗೆ ಅರ್ಧ ಸಾಲು ಸಾಕು. ಇದಕ್ಕೂ ಅಪವಾದವಿದೆ: ಜೆಫ್ ವೇಯ್ನ್‌ನ ಆಲ್ಬಂನಲ್ಲಿ ಮಂಗಳ ಗ್ರಹದವರ "ಉಲ್ಲಾ" ಎಂಬ ಕೂಗು ಸಂಗೀತದೊಳಗೇ ಹೆಣೆದುಕೊಂಡಿದೆ, ಅದನ್ನು ಸಜ್ಜಿಕೆ ಎಂದು ಪಕ್ಕಕ್ಕೆ ಸರಿಸಲಾಗದು.

ಇನ್ನು ಫ್ರಾನ್ಸ್‌ನ ಮಾಗ್ಮಾ. ಕ್ರಿಶ್ಚಿಯನ್ ವಾಂದೆರ್ ಎಂಬ ಡ್ರಮ್ಮರ್ ಕಟ್ಟಿದ ಈ ಬ್ಯಾಂಡ್, ಭೂಮಿ ಬಿಟ್ಟು ಕೋಬಾಯ ಎಂಬ ಗ್ರಹಕ್ಕೆ ಹೋದವರ ಕಥೆ ಹೇಳಲು ಒಂದು ಭಾಷೆಯನ್ನೇ ಹುಟ್ಟುಹಾಕಿತು. 1970ರ ಮೊದಲ ಆಲ್ಬಂನಿಂದಲೇ ಹಾಡುವುದು ಆ ಭಾಷೆಯಲ್ಲಿ. ಕೇಳುವವರಿಗೆ ಅಕ್ಷರವೂ ಅರ್ಥವಾಗುವುದಿಲ್ಲ. ಗುಂಪುಗಾಯನ ಏರುತ್ತಾ ಹೋಗಿ ಏನೋ ಭಯಂಕರವಾದದ್ದು ಹತ್ತಿರ ಬರುತ್ತಿದೆ ಎಂಬುದು ಮಾತ್ರ ಮೈಗೆ ತಾಗುತ್ತದೆ. ಸಾಹಿತ್ಯ ಅರ್ಥವಾಗದೆ ವಿಮರ್ಶೆ ಬರೆಯುವುದು ಹೇಗೆ ಎಂದು ಕೇಳುವವರು ಮಾಗ್ಮಾದ ಒಂದು ಆಲ್ಬಂಗೆ ಬರೆದು ಅಭ್ಯಾಸ ಮಾಡಲಿ. ಅಲ್ಲಿ ಬುಕ್‌ಲೆಟ್‌ಗೆ ಜೋತು ಬೀಳುವ ದಾರಿಯೇ ಬಂದ್.

5. ಎಷ್ಟು ನಿಮಿಷ, ಯಾವ ಆವೃತ್ತಿ

ಎಲ್‌ಪಿ ತಟ್ಟೆಯ ಒಂದು ಬದಿಗೆ ಸುಮಾರು ಇಪ್ಪತ್ತೆರಡು ನಿಮಿಷ ಹಿಡಿಯುತ್ತಿತ್ತು. ಹಳೆಯ ಪ್ರಾಗ್‌ನ ದೀರ್ಘ ರಚನೆಗಳು ಅಷ್ಟರಲ್ಲೇ ಮುಗಿಯಲು ಕಾರಣ ಇದು. '2112'ರ ಏಳು ಭಾಗಗಳ ಕಥೆ ಇಪ್ಪತ್ತು ನಿಮಿಷಕ್ಕೆ ತುಸು ಹೆಚ್ಚು, ಅದು ಮೊದಲ ಬದಿ. ಎರಡನೇ ಬದಿಯ ಐದು ಹಾಡುಗಳಿಗೂ ಆ ಕಥೆಗೂ ಸಂಬಂಧವೇ ಇಲ್ಲ. ಗೊತ್ತಿಲ್ಲದ ವಿಮರ್ಶಕರು ಆ ಐದಕ್ಕೂ ಕಥೆಯ ಎಳೆ ಹೊಸೆದು ನಗೆಪಾಟಲಾಗುತ್ತಾರೆ. ಆಲ್ಬಂ ಪೂರ್ತಿ ಒಂದೇ ಕಥೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಸಿ.ಡಿ. ಬಂದ ಮೇಲೆ ಎಪ್ಪತ್ತು ಎಂಬತ್ತು ನಿಮಿಷ ಸಿಕ್ಕಿತು, ಆಮೇಲೆ ಅಂಕೆಯೇ ಉಳಿಯಲಿಲ್ಲ. ಉದ್ದವನ್ನು ಹಿರಿಮೆ ಎಂದುಕೊಳ್ಳಬೇಡಿ. "ಇದರಲ್ಲಿ ಯಾವ ಮೂರು ಹಾಡು ತೆಗೆದರೆ ಕಥೆ ಕೆಡುವುದಿಲ್ಲ?" ಎಂದು ಕೇಳಿಕೊಳ್ಳಿ. ತಟ್ಟನೆ ಮೂರೂ ಹೊಳೆದರೆ ಹೆಸರು ಹಿಡಿದು ಬರೆಯಿರಿ.

ಹಳೆಯ ಮುದ್ರಣದ ಸದ್ದನ್ನು ತಿದ್ದಿದ ರೀಮಾಸ್ಟರ್ ಕೇಳಿದಿರೋ, ಹೊಸದಾಗಿ ಮಿಕ್ಸ್ ಮಾಡಿದ್ದೋ, ಮೂಲವೋ ಎಂದು ಒಂದು ಸಾಲು ಹಾಕಿ. ಬೋನಸ್ ಟ್ರ್ಯಾಕ್ ಕಥೆಯ ಭಾಗವಲ್ಲ, ಕಥೆ ಮುಗಿದ ಮೇಲೂ ಓಡುತ್ತಿದ್ದರೆ ನಿಲ್ಲಿಸಿ.

6. ಮುಖಪುಟ, ಕಾದಂಬರಿ, ಸಂದರ್ಶನ

ಇವೆಲ್ಲ ಈಗ ನೋಡಬಹುದು. ನನ್ನ ನಿಯಮ ಒಂದೇ: ಆಲ್ಬಂನೊಳಗೆ ಇಲ್ಲದ್ದಕ್ಕೆ ಆಲ್ಬಂಗೆ ಅಂಕ ಇಲ್ಲ. ಸಂದರ್ಶನದಲ್ಲಿ ಸಂಯೋಜಕ "ನಾಲ್ಕನೇ ಹಾಡು ನಾಯಕನ ಬಾಲ್ಯದ ಗಾಯದ ಬಗ್ಗೆ" ಎಂದ ಮಾತ್ರಕ್ಕೆ ಹಾಡಿನೊಳಗೆ ಬಾಲ್ಯ ಬಂದುಬಿಡುವುದಿಲ್ಲ. ಏರಿಯಾನ್‌ನ 2008ರ ಆಲ್ಬಂನ ಹೆಸರು '01011001'. ಈ ದ್ವಿಮಾನ ಸಂಖ್ಯೆಯ ಬೆಲೆ 89. ಕಂಪ್ಯೂಟರಿನ ಆಸ್ಕಿ ಸಂಕೇತದಲ್ಲಿ ಅದು ಇಂಗ್ಲಿಷಿನ 'ವೈ' ಅಕ್ಷರ, ಕಥೆಯ ಗ್ರಹದ ಹೆಸರೂ ಅದೇ. ಬಿಡಿಸಿದಾಗ ಖುಷಿಯಾಗುತ್ತದೆ, ಓದುಗನಿಗೂ ಹೇಳಿ. ಆದರೆ ಒಗಟು ಜಾಣತನದ್ದು ಎಂಬ ಕಾರಣಕ್ಕೆ ಯಾವ ಹಾಡೂ ಇಂಪಾಗುವುದಿಲ್ಲ.

7. ಬರೆಯಲು ಕೂತಾಗ

ಬ್ಯಾಂಡ್‌ನ ಇತಿಹಾಸದಿಂದ ಶುರು ಮಾಡಬೇಡಿ. ನಿಮ್ಮ ಮೊದಲ ಹಾಳೆಯಲ್ಲಿ ಅತಿ ಗಟ್ಟಿಯಾಗಿ ಗೀಚಿದ ಒಂದು ಕ್ಷಣವಿರುತ್ತದೆ, ಅಲ್ಲಿಂದ ಹೊರಡಿ. ಇತಿಹಾಸ ಬೇಕೆನಿಸಿದಲ್ಲಿ ಚಿಟಿಕೆಯಷ್ಟು ಸಾಕು. '2112'ಗೆ ಮುಂಚಿನ ರಶ್ ಆಲ್ಬಂ ಸೋತಿತ್ತು, ಚಿಕ್ಕ, ಮಾರಾಟವಾಗುವ ಹಾಡು ಮಾಡಿ ಎಂಬ ಒತ್ತಡ ಕಂಪನಿಯಿಂದ ಇತ್ತು ಎಂದು ತಿಳಿದರೆ, ಸಂಗೀತವನ್ನು ಹೊಸಕಿ ಹಾಕುವ ಪುರೋಹಿತರ ಮೇಲಿನ ಸಿಟ್ಟು ಎಲ್ಲಿಂದ ಬಂತು ಎಂಬ ಊಹೆಗೆ ದಾರಿಯಾಗುತ್ತದೆ. ಅಂಥ ಇತಿಹಾಸ ಕೆಲಸಕ್ಕೆ ಬರುತ್ತದೆ. ಡ್ರಮ್ಮರ್ ಯಾವ ವರ್ಷ ಸೇರಿದ ಎಂಬುದು ಬರುವುದಿಲ್ಲ.

ಎಂಟುನೂರು ಪದದ ವಿಮರ್ಶೆಯಲ್ಲಿ ಕಥೆಗೆ ನೂರು ಪದ. ಇದು ನಾನು ನನಗೇ ಹಾಕಿಕೊಂಡ ಬೇಲಿ. ಮುರಿದಾಗೆಲ್ಲ ಲೇಖನ ಕೆಟ್ಟಿದೆ. ಕೊನೆಯ ತಿರುವನ್ನು ಬಿಟ್ಟುಕೊಡಬೇಡಿ. ಐವತ್ತು ವರ್ಷ ಹಳೆಯ ಆಲ್ಬಂ ಆದರೆ ನಾನು ಅಷ್ಟು ಬಿಗಿಯಾಗಿರುವುದಿಲ್ಲ. '2112'ರ ಕೊನೆಗೆ ಕೇಳುವ ಘೋಷಣೆ ಯಾರದು, ಗೆದ್ದದ್ದು ಯಾರು ಎಂದು ಕೇಳುಗರು ಇನ್ನೂ ಜಗಳವಾಡುತ್ತಾರೆ. ಹೇಳಿದರೂ ಕೆಡದ ಕೊನೆ ಅದು.

ವಾಕ್ಯ ಹೇಗಿರಬೇಕು? "ಪುರೋಹಿತರು ನಾಯಕನ ಗಿಟಾರನ್ನು ನಾಶ ಮಾಡುತ್ತಾರೆ. ಇದೊಂದು ಭಾವುಕ ಹಾಡು, ಗಾಯನ ಅದ್ಭುತ." ಇದು ನನ್ನ ಹಳೆಯ ಶೈಲಿ. ಈಗಾದರೆ ಹೀಗೆ ಬರೆಯುತ್ತೇನೆ: "ನಾಯಕ ಮಾತು ಶುರು ಮಾಡಿದಾಗ ವಾದ್ಯಗಳು ಹಿಂದೆ ಸರಿದು ಜಾಗ ಬಿಡುತ್ತವೆ, ಪುರೋಹಿತರ ಸರದಿ ಬಂದೊಡನೆ ಆ ಜಾಗವೆಲ್ಲ ಗದ್ದಲದಿಂದ ತುಂಬಿಹೋಗುತ್ತದೆ. ಗಿಟಾರ್ ಮುರಿಯುವ ಮೊದಲೇ ಅವನು ಸೋತಿದ್ದಾನೆ." ಕಥೆಯೂ ಬಂತು, ಸಂಗೀತವೂ ಬಂತು, ಅಭಿಪ್ರಾಯವೂ ಬಂತು.

"ಅದ್ಭುತ", "ಅಮೋಘ", "ಮಹಾಕಾವ್ಯದಂಥ" ಈ ಮೂರನ್ನು ಮೊದಲ ಕರಡಿನಲ್ಲಿ ಧಾರಾಳವಾಗಿ ಬಳಸಿ, ಎರಡನೆಯದರಲ್ಲಿ ಒಂದೊಂದನ್ನೂ ಹೊಡೆದುಹಾಕಿ ಅದರ ಜಾಗದಲ್ಲಿ ಕೇಳಿಸಿದ್ದನ್ನು ಬರೆಯಿರಿ. "ಮಹತ್ವಾಕಾಂಕ್ಷೆಯ ಪ್ರಯತ್ನ" ಎಂಬುದನ್ನು ಬರೆಯಲೇಬೇಡಿ. ಗಂಟೆಗಟ್ಟಲೆಯ ಅಂತರಿಕ್ಷ ಕಥೆಯನ್ನು ಹಾಡಲು ಹೊರಟವರೆಲ್ಲರೂ ಮಹತ್ವಾಕಾಂಕ್ಷಿಗಳೇ.

ನಕ್ಷತ್ರ ಕೊಡಲೇಬೇಕೆಂದರೆ ಕೊಡಿ, ಅದರ ಬಗ್ಗೆ ಹೇಳುವುದೇನೂ ಇಲ್ಲ.

8. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ

ಕರಡನ್ನು ಮುಚ್ಚಿಟ್ಟು ನಾಲ್ಕು ದಿನ ಬೇರೆ ಏನನ್ನಾದರೂ ಕೇಳಿ. ಆಮೇಲೆ ಬುಕ್‌ಲೆಟ್ ಇಲ್ಲದೆ, ಪೆನ್ನೂ ಇಲ್ಲದೆ ಆಲ್ಬಂ ಹಾಕಿ. ಕರಡಿನಲ್ಲಿ ಹೊಗಳಿದ ಜಾಗ ಬಂದಾಗ ಮೈ ಎಚ್ಚರಗೊಳ್ಳುತ್ತದೆಯೇ, ಇಲ್ಲ ನೀವೇ ಬರೆದ ವಾಕ್ಯ ನೆನಪಾಗುತ್ತದೆಯೇ? ಎರಡನೆಯದಾದರೆ ಆ ವಾಕ್ಯ ತೆಗೆಯಿರಿ. ಮೊದಲ ದಿನದ ಹಾಳೆಯಲ್ಲಿ "ಬೋರ್" ಎಂದು ಗೀಚಿದ ನಿಮಿಷವನ್ನೂ ಈಗ ಹುಡುಕಿ. ಅದು ಇನ್ನೂ ಬೋರಾಗಿಯೇ ಇದ್ದರೆ ಆ ಒಂದು ಪದವನ್ನು ಹಾಗೇ ಲೇಖನಕ್ಕೆ ಸೇರಿಸಿ ಕಳಿಸಿ.